ಐರಿಸ್ ವೇಲ್ ಕಲಿಸಿದ ಸುಳ್ಳು

ಆಗ ನಾವು ಮಸ್ಕತ್ತಿನ ಅಲ್ ಗುಬ್ರಾದಲ್ಲಿ, ಮೂರನೇ ಮಹಡಿಯ ಫ್ಲ್ಯಾಟಿನಲ್ಲಿದ್ದೆವು. ಗಲ್ಫಿನಲ್ಲಿ ಬೆಳೆದವರಿಗೆ ಅಲ್ಲಿನ ಬೇಸಿಗೆಯನ್ನು ಬಿಡಿಸಿ ಹೇಳಬೇಕಿಲ್ಲ. ಮೇ ಬಂತೆಂದರೆ ತಾರಸಿಯ ಟ್ಯಾಂಕು ಕಾದು ತಣ್ಣೀರಿನ ನಲ್ಲಿಯಲ್ಲೇ ಸುಡುನೀರು ಬರುತ್ತಿತ್ತು. ನಾವು ಗೀಸರಿನ ಸ್ವಿಚ್ಚು ಆರಿಸಿ, ಅದರೊಳಗೆ ನಿಂತು ಆರಿದ ನೀರನ್ನು ತಣ್ಣೀರೆಂದು ಸ್ನಾನಕ್ಕೆ ಬಳಸುತ್ತಿದ್ದೆವು. ಸಂಜೆಯಾದರೆ ಸಮುದ್ರದ ಕಡೆಯಿಂದ ಉಪ್ಪುಗಾಳಿ, ಕೆಳಗಿನ ಮನೆಯಿಂದ ಲುಬಾನ್ ಧೂಪದ ಹೊಗೆ. ಮಕ್ಕಳೆಲ್ಲ ಪಾರ್ಕಿಂಗಿನ ಕಾರುಗಳ ನಡುವೆ ಕಣ್ಣಾಮುಚ್ಚಾಲೆ ಆಡುತ್ತಿದ್ದೆವು. ಅಡಗಿದವರು ಕಾರಿಗೆ ಒರಗುವ ಹಾಗಿರಲಿಲ್ಲ, ಚರ್ಮ ಅಂಟಿಕೊಳ್ಳುವಷ್ಟು ಬಿಸಿ.

ನಾನು ಏಳನೇ ಕ್ಲಾಸಿನಲ್ಲಿದ್ದೆ. ಅಪ್ಪ ಅಮ್ಮ ಮೈಸೂರಿನವರು. ಅಪ್ಪ ಒಂದು ಕಂಪನಿಯಲ್ಲಿ ಎಂಜಿನಿಯರ್. ಎದುರು ಫ್ಲ್ಯಾಟಿನಲ್ಲಿ ಜೂಲಿಯಾನಾ ಆಂಟಿ ಒಬ್ಬರೇ ಇದ್ದರು. ಉಡುಪಿ ಕಡೆಯ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು. ಘಾಲಾದಲ್ಲಿದ್ದ ಒಂದು ಕಂಪನಿಯ ಆಫೀಸಿನಲ್ಲಿ ಸೆಕ್ರೆಟರಿ. ಅವರ ತಂದೆ ಊರಿನ ಟಾಕೀಸಿನಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದವರಂತೆ. ಹಾಗಾಗಿ ಆಂಟಿಗೆ ಹಳೆಯ ಹಾಲಿವುಡ್ ನಟಿಯರ ಹುಚ್ಚು, ಅದರಲ್ಲೂ ಐರಿಸ್ ವೇಲ್ ಎಂಬವಳದ್ದು. ಕಪ್ಪುಬಿಳುಪಿನ ಆ ಸಿನಿಮಾಗಳನ್ನು ಕಂಪ್ಯೂಟರಿನಲ್ಲಿ ಹಾಕಿಕೊಂಡು, ಖಾರದ ಚಿಪ್ಸನ್ನು ಪುಡಿಮಾಡಿ ಪರೋಟದಲ್ಲಿ ಸುತ್ತಿ ತಿನ್ನುತ್ತಾ ನಾವಿಬ್ಬರೂ ನೋಡುತ್ತಿದ್ದೆವು.

ಶಾಲೆಯಲ್ಲಿ ಆ ವರ್ಷ ಏಕಪಾತ್ರಾಭಿನಯದ ಸ್ಪರ್ಧೆ ಇಟ್ಟರು. ಯಾರಾದರೂ ಸಾಧಕಿಯ ಜೀವನವನ್ನು ಅಭಿನಯಿಸಬೇಕು. ನಾನು ಐರಿಸ್ ವೇಲ್ ಆಗುತ್ತೇನೆ ಎಂದೆ. ಆಂಟಿ ನಕ್ಕರು. ಮಾರನೆಯ ದಿನದಿಂದಲೇ ತಾಲೀಮು.

ಐರಿಸಳ ಕಥೆಯನ್ನು ನಾನು ಕಲಿತದ್ದು ಹೀಗೆ. ಅವಳ ತಾಯಿ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವವಳು. ಹತ್ತೊಂಬತ್ತರ ಹುಡುಗಿ ಒಂದು ಸ್ಟುಡಿಯೋದ ಏಳು ವರ್ಷದ ಕರಾರಿಗೆ ರುಜು ಹಾಕಿದಳು. ಅವರು ಅವಳ ಹೆಸರು ಬದಲಿಸಿದರು, ಹಣೆ ಅಗಲವಾಗಲೆಂದು ಮುಂಗೂದಲು ಕಿತ್ತರು, ಕೆನ್ನೆ ಒಳಸೇರಲೆಂದು ನಾಲ್ಕು ದವಡೆಹಲ್ಲು ತೆಗೆಸಿದರು. ಚಿತ್ರದ ಮೇಲೆ ಚಿತ್ರ, ಎಲ್ಲದರಲ್ಲೂ ಗಂಡನಿಗಾಗಿ ಅಳುವ ಹೆಂಡತಿ. ಒಂದು ದಿನ ಅವಳು, ಈ ಪಾತ್ರ ಮಾಡುವುದಿಲ್ಲ ಎಂದಳು. ಸಸ್ಪೆಂಡ್ ಮಾಡಿದರು. ಹಾಗೆ ಕೆಲಸವಿಲ್ಲದೆ ಕೂತ ದಿನಗಳನ್ನೆಲ್ಲ ಕರಾರಿನ ಕೊನೆಗೆ ಸೇರಿಸುತ್ತಾ ಹೋದರು, ಮುಗಿಯದ ಹಾಗೆ. ಬೇರೆ ಯಾವ ಸ್ಟುಡಿಯೋದವರೂ ಅವಳನ್ನು ಮುಟ್ಟುವಂತಿರಲಿಲ್ಲ. ಅವಳು ಕೋರ್ಟಿಗೆ ಹೋಗಿ ಗೆದ್ದಳು. ಗೆದ್ದು ಬರುವಷ್ಟರಲ್ಲಿ ಜನ ಅವಳನ್ನು ಮರೆತಿದ್ದರು. ಆಮೇಲೆ ಸಿಕ್ಕಿದ್ದು ಚಿಕ್ಕಚಿಕ್ಕ ಪಾತ್ರಗಳು.

"ಮತ್ತೆ ವಾಟ್ ವಾಸ್ ದ ಯೂಸ್, ಆಂಟಿ?" ಎಂದು ಕೇಳಿದ್ದೆ.

"ಆ ಚಿಕ್ಕ ಪಾತ್ರಗಳನ್ನೆಲ್ಲ ಅವಳೇ ಆರಿಸಿದ್ದಲ್ವಾ ಮಾರಾಯ್ತಿ!"

ಅಭಿನಯದ ಬಗ್ಗೆ ಆಂಟಿ ಹೇಳುತ್ತಿದ್ದದ್ದು ಒಂದೇ ಮಾತು. "ಜಾಸ್ತಿ ಮಾಡ್ಬೇಡ. ಪೊಲೀಸರ ಎದುರು ಸುಳ್ಳು ಹೇಳುವ ಸೀನಿನಲ್ಲಿ ಐರಿಸ್ ಎಂತ ಮಾಡ್ತಾಳೆ ನೋಡು. ಕಿತ್ತಳೆ ಸುಲಿತಾ ಇರ್ತಾಳೆ, ಅಷ್ಟೇ. ಹೆಚ್ಚು ಮಾಡಿದವರೇ ಸಿಕ್ಕಿಬೀಳುವುದು."

ಸ್ಪರ್ಧೆಗೆ ಒಂದು ತಿಂಗಳಿದ್ದಾಗ ಆಂಟಿ ನಗುವುದನ್ನು ನಿಲ್ಲಿಸಿದರು. ತಾಲೀಮಿನ ನಡುವೆ ಫೋನು ಬರುತ್ತಿತ್ತು, ಅವರು ಎತ್ತುತ್ತಿರಲಿಲ್ಲ. ಒಂದು ಸಂಜೆ ಅಮ್ಮನ ಹತ್ತಿರ ಅಡುಗೆಮನೆಯಲ್ಲಿ ಎಲ್ಲ ಹೇಳಿಕೊಂಡರು. ನಾನು ಬಾಗಿಲ ಬಳಿ ನಿಂತು ಕೇಳಿದೆ.

ಅವರ ಕಂಪನಿಗೆ ರುಸೈಲಿನಲ್ಲಿ ಒಂದು ಕಾರ್ಖಾನೆ ಇತ್ತು. ಅಲ್ಲಿ ಬಿಹಾರದ ಅಖ್ತರ್ ಎಂಬ ಕೆಲಸಗಾರನ ಬಲಗೈಯ ಮೂರು ಬೆರಳು ಪ್ರೆಸ್ಸಿಂಗ್ ಯಂತ್ರಕ್ಕೆ ಸಿಕ್ಕಿ ಹೋಗಿದ್ದವು. ಕೈ ಒಳಹೋಗದಂತೆ ಕಾಯುವ ಯಂತ್ರದ ತಡೆಪಟ್ಟಿ ಮುರಿದಿದೆ ಎಂದು ಅವನು ಅದಕ್ಕೆ ತಿಂಗಳ ಮೊದಲೇ ದೂರು ಕೊಟ್ಟಿದ್ದ. ಅವನಿಗೆ ಬರೆಯಲು ಬಾರದೆಂದು ಇಂಗ್ಲಿಷಿನಲ್ಲಿ ಬರೆದುಕೊಟ್ಟವರು ಆಂಟಿಯೇ. ಈಗ ಕಂಪನಿಯವರು, ತಡೆಪಟ್ಟಿಯನ್ನು ಅವನೇ ಕಳಚಿದ ಎಂದು ಹೇಳಿಕೆ ತಯಾರಿಸಿದ್ದರು. ಅದರ ಕೆಳಗೆ, 'ಇದನ್ನು ಅವನಿಗೆ ಹಿಂದಿಯಲ್ಲಿ ಓದಿ ಹೇಳಿದ್ದೇನೆ, ಅವನು ಒಪ್ಪಿದ್ದಾನೆ' ಎಂದು ಆಂಟಿ ರುಜು ಹಾಕಬೇಕು.

"ಅವ ಆಸ್ಪತ್ರೆಯಲ್ಲಿ ಮಲಗಿದ್ದಾನೆ. ನಾನು ಅವನ ಮುಖ ಸಹ ನೋಡ್ಲಿಲ್ಲ. ಓದಿ ಹೇಳುದೆಲ್ಲಿಂದ ಬಂತು?" ಎಂದರು ಆಂಟಿ. ಮೊದಲಿನ ದೂರಿನ ಪ್ರತಿ, ಆಫೀಸಿನ ಸೀಲು ಬಿದ್ದದ್ದು, ಅವರ ಹತ್ತಿರ ಉಂಟಂತೆ. ಭಾನುವಾರ ಕಾರ್ಮಿಕ ಇಲಾಖೆಯಲ್ಲಿ ವಿಚಾರಣೆ.

ನಾನು ಒಳಗೆ ಹೋಗಿ, "ಐರಿಸ್ ಥರಾ ನಿಮ್ಮನ್ನೂ ಸಸ್ಪೆಂಡ್ ಮಾಡ್ತಾರಾ?" ಎಂದೆ.

"ಕೋರ್ಟಿಗೆ ಹೋಗುವಾಗ ಅವಳ ಪಾಸ್‌ಪೋರ್ಟ್ ನನ್ನದರ ಹಾಗೆ ಮ್ಯಾನೇಜರನ ಬೀರುವಿನಲ್ಲಿ ಇರ್ಲಿಲ್ಲ, ಪುಟ್ಟೀ," ಎಂದರು.

ರಾತ್ರಿ ಊಟದ ಹೊತ್ತಿಗೆ ಅಪ್ಪ ಅಮ್ಮನಿಗೆ ಹೇಳಿದ್ದು ಇಷ್ಟೇ. "ಪಾಪ ಅನ್ಸುತ್ತೆ ಕಣೇ. ಆದ್ರೆ ನಾವೂ ವೀಸಾದ ಮೇಲೇ ಇರೋದು. ಅವರಿಗೆ ವೀಸಾ ಕೊಟ್ಟ ಕಫೀಲ್ ಯಾರೋ, ನಮ್ಮ ಕಂಪನೀಲಿ ಅವನಿಗೆ ಯಾರ್ಯಾರು ಗೊತ್ತೋ. ಸ್ವಲ್ಪ ದೂರ ಇರು."

ಶುಕ್ರವಾರ ಮಧ್ಯಾಹ್ನ ಅಪ್ಪ ತರಕಾರಿ ತರಲು ಹೋಗಿದ್ದರು. ಆಂಟಿ ಬೆಲ್ಲು ಸಹ ಒತ್ತದೆ ಬಾಗಿಲು ತಟ್ಟಿದರು. ಎದೆಗವಚಿಕೊಂಡ ದೂರಿನ ಫೈಲು, ಮುಖದಲ್ಲಿ ಬೆವರು. "ಕೆಳಗೆ ಕಾರು ಬಂದುಂಟು. ಸೂಪರ್‌ವೈಸರ್ ಲಿಫ್ಟಿನಲ್ಲಿ ಬರ್ತಿದ್ದಾನೆ. ಕೈ ಹಿಡಿದಾದ್ರೂ ರುಜು ಹಾಕಿಸ್ತಾನೆ ಅವ. ಐದು ನಿಮಿಷ ಅಕ್ಕಾ."

ಅಮ್ಮ ಲಿಫ್ಟಿನ ಕಡೆಗೊಮ್ಮೆ ನೋಡಿದಳು. ದೂರ ಇರು ಎಂದ ಅಪ್ಪನ ಮಾತು ಅವಳಿಗೂ ನೆನಪಾಗಿರಬೇಕು. ಆಮೇಲೆ ಆಂಟಿಯ ತೋಳು ಹಿಡಿದು ಒಳಗೆಳೆದು, ಬಚ್ಚಲಿಗೆ ಕಳಿಸಿ, ಫೈಲನ್ನು ಅಕ್ಕಿ ಡಬ್ಬದೊಳಗೆ ತುರುಕಿದಳು.

ಎದುರು ಫ್ಲ್ಯಾಟಿನ ಬೆಲ್ಲು ನಾಲ್ಕೈದು ಸಲ ಬಡಿದುಕೊಂಡಿತು. ಅನಂತರ ನಮ್ಮದು. ಅಮ್ಮನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಹೇಳಹೊರಟರೆ ಕಿವಿ ಕೆಂಪಾಗುತ್ತಿತ್ತು. ಅವಳು ನನ್ನ ಮುಖ ನೋಡಿದಳು. ನಾನು ಮೇಜಿನ ಮೇಲಿದ್ದ ಚಿಪ್ಸ್ ಪ್ಯಾಕೆಟ್ ಎತ್ತಿಕೊಂಡು ಬಾಗಿಲು ತೆರೆದೆ.

ಇಸ್ತ್ರಿ ಅಂಗಿಯ ದಪ್ಪನೆಯ ಮನುಷ್ಯ. ಮಂಗಳೂರು ಕಡೆಯವನು. ಮಾತು ಬೆಣ್ಣೆಯಂತಿತ್ತು.

"ಎಂತ ಪುಟ್ಟಾ, ಜೂಲಿಯಾನಾ ಆಂಟಿ ಇಲ್ಲಿ ಬಂದಿದ್ದಾರಾ?"

"ಇಲ್ಲ ಅಂಕಲ್. ಚರ್ಚಿಗೆ ಹೋಗಿರ್ಬೇಕು." ಒಂದು ಚಿಪ್ಸ್ ಬಾಯಿಗೆ ಹಾಕಿಕೊಂಡೆ.

"ಫೋನ್ ತೆಗಿತಾ ಇಲ್ಲ ಅವರು. ಅಮ್ಮ ಇಲ್ವಾ?"

"ನಮಾಜ್... ಅಲ್ಲ, ಪೂಜೆ ಮಾಡ್ತಿದಾರೆ."

ನನ್ನ ಬಾಯಿ ತಪ್ಪಿದ್ದಕ್ಕೆ ಅವನು ನಗಲಿಲ್ಲ. ಅವನ ಕಣ್ಣು ಕೆಳಗಿಳಿದು ನಮ್ಮ ಚಪ್ಪಲಿಗಳ ಮೇಲೆ ನಿಂತಿತು. ಅಪ್ಪನ ಹಳೆಯದು, ಅಮ್ಮನದು, ನನ್ನದು. ಅವುಗಳ ಪಕ್ಕದಲ್ಲಿ ಆಂಟಿಯ ಕಂದು ಬಣ್ಣದ ಹೈಹೀಲ್ಸ್, ಒಂದು ನೆಟ್ಟಗೆ, ಒಂದು ಮಗುಚಿ.

"ಇದು ಯಾರದ್ದು?"

ಬಚ್ಚಲಿನಲ್ಲಿ ಎಲ್ಲೋ ಒಂದು ಹನಿ ನೀರು ಬಿದ್ದ ಸದ್ದು ನನಗೆ ಕೇಳಿಸಿತು. ಅವನಿಗೂ ಕೇಳಿಸಿತೇನೋ, ಗೊತ್ತಿಲ್ಲ.

"ನಂದು," ಎಂದೆ. "ಫಾರ್ ಮೈ ಸ್ಕೂಲ್ ಡ್ರಾಮಾ. ಆಂಟಿ ಕೊಟ್ಟಿದ್ದು." ಮಗುಚಿದ್ದನ್ನು ಕಾಲಲ್ಲೇ ಸರಿಮಾಡಿ ಎರಡರೊಳಗೂ ಪಾದ ತೂರಿಸಿದೆ. ಒಳಭಾಗ ಇನ್ನೂ ಬೆಚ್ಚಗಿತ್ತು. ಕಾರಿಡಾರಿನಲ್ಲಿ ನಾಲ್ಕು ಹೆಜ್ಜೆ ನಡೆದು, ತಿರುಗಿ ನಿಂತು, ನ್ಯಾಯಾಧೀಶರ ಮುಂದೆ ಐರಿಸ್ ಆಡುವ ಮಾತನ್ನು ಇಂಗ್ಲಿಷಿನಲ್ಲಿ ಮೊದಲಿನಿಂದ ಕೊನೆವರೆಗೆ ಒಪ್ಪಿಸಿದೆ. ನನ್ನ ಮೋರೆ ಮಾರಿಕೊಳ್ಳಿ, ನನ್ನ ಹೆಸರು ಮಾರಿಕೊಳ್ಳಿ, ಆದರೆ ನನ್ನಿಂದ ಹೌದು ಎನ್ನಿಸಲು ನಿಮಗೆ ಹಕ್ಕಿಲ್ಲ ಎಂಬರ್ಥದ ಮಾತು ಅದು. ಕೂಗಲಿಲ್ಲ, ಕೈ ಆಡಿಸಲಿಲ್ಲ. ಅವನ ಹುಬ್ಬಿನ ನಡುವೆ ನೋಡುತ್ತಾ ಹೇಳಿದೆ.

ಅವನು ಕೇಳುತ್ತಾ ನಿಂತ. ಅವನ ಮುಖದಲ್ಲಿ ಏನೋ ಬದಲಾಯಿತು, ನಾಚಿಕೆಯೋ ಬೇಸರವೋ. "ಆಯ್ತು ಪುಟ್ಟಾ, ಚೆಂದ ಮಾಡ್ತಿ," ಎಂದು ಲಿಫ್ಟಿನ ಕಡೆ ಹೋದ. ಲಿಫ್ಟಿನ ಬಾಗಿಲು ಮುಚ್ಚಿದ ಮೇಲೂ ನನಗೆ ಆ ಚಪ್ಪಲಿಯಿಂದ ಕೆಳಗಿಳಿಯಲಾಗಲಿಲ್ಲ. ಅಮ್ಮ ಬಂದು ಎತ್ತಿಕೊಂಡಳು, ಅಷ್ಟು ದೊಡ್ಡವಳನ್ನು.

ಅಪ್ಪ ಬಂದವರು ವಿಷಯ ಕೇಳಿ ಸಿಟ್ಟಾದರು. ಮಗು ಕೈಲಿ ಸುಳ್ಳು ಹೇಳಿಸಿದ್ಯಾ ಎಂದು ಅಮ್ಮನ ಮೇಲೆ ರೇಗಿದರು. ಆಂಟಿ ಆ ಎರಡು ದಿನ ನಮ್ಮ ಮನೆಯಲ್ಲೇ ಉಳಿದರು. ಅಪ್ಪ ಅವರೊಂದಿಗೆ ಮಾತಾಡಲಿಲ್ಲ. ಭಾನುವಾರ ಬೆಳಿಗ್ಗೆ ನಾನು ಸ್ಕೂಲ್ ಬಸ್ಸಿಗೆ ಹೊರಟಾಗ, ಅಪ್ಪ ಆಫೀಸಿಗೆ ಅರ್ಧ ದಿನ ರಜೆ ಹೇಳಿ, ಕಾರಿನ ಕೀ ಹಿಡಿದು ನಿಂತಿದ್ದರು. "ಯಲ್ಲಾ, ಹೊರಡಿ ಮೇಡಂ. ಲೇಟಾದ್ರೆ ಪಾರ್ಕಿಂಗ್ ಸಿಗಲ್ಲ," ಎಂದರು ಆಂಟಿಯ ಮುಖ ನೋಡದೆ.

ವಿಚಾರಣೆಯಲ್ಲಿ ಸೀಲು ಬಿದ್ದ ಆ ದೂರಿನ ಪ್ರತಿಯೇ ಸಾಕಾಯಿತು. ಅಖ್ತರನಿಗೆ ಪರಿಹಾರ ಸಿಕ್ಕಿ ಅವನು ಊರಿಗೆ ಹೋದ. ಆಂಟಿಯ ಪಾಸ್‌ಪೋರ್ಟನ್ನೂ ಕಂಪನಿಯವರು ಹಿಂದಿರುಗಿಸಿದರು, ವೀಸಾ ರದ್ದು ಮಾಡಿ. ಬೇರೆ ಕಡೆ ಸೇರಲು ಕಂಪನಿಯ ಒಪ್ಪಿಗೆ ಪತ್ರ ಬೇಕಿದ್ದ ಕಾಲ ಅದು. ಅವರು ಅದನ್ನು ಕೊಡಲಿಲ್ಲ. ನನ್ನ ಸ್ಪರ್ಧೆಯ ದಿನವೇ ಆಂಟಿಯ ವಿಮಾನ. ತೀರ್ಪುಗಾರರು, ಭಾರತೀಯ ಸಾಧಕಿಯನ್ನು ಆರಿಸಬಹುದಿತ್ತು ಎಂದರು. ಬಹುಮಾನ ಬರಲಿಲ್ಲ. ಮನೆಗೆ ಬಂದಾಗ ಎದುರು ಬಾಗಿಲಿಗೆ ಬೀಗ.

ಆಂಟಿ ಊರಿನಲ್ಲಿ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳಿಕೊಂಡಿದ್ದರು. ಪ್ರತಿ ಕ್ರಿಸ್‌ಮಸ್ಸಿಗೆ ಫೋನು ಮಾಡುತ್ತಿದ್ದೆ. ಒಮ್ಮೆ ಧೈರ್ಯ ಮಾಡಿ, "ಬೇಜಾರಿದೆಯಾ ಆಂಟಿ, ಕೆಲಸ ಹೋಯ್ತಲ್ಲ?" ಎಂದೆ. "ಬೇಜಾರಿಲ್ಲದೆ ಉಂಟಾ? ಒಳ್ಳೆ ಕೆಲಸ ಅದು," ಎಂದರು. ಅಷ್ಟೇ. ಹೋದ ವರ್ಷ ಅವರು ತೀರಿಕೊಂಡರು.

ಈಗ ನಾನೂ ಮಸ್ಕತ್ತಿನ ಒಂದು ಆಫೀಸಿನಲ್ಲಿ ಕೂರುತ್ತೇನೆ. ಕಾನೂನು ಬದಲಾಗಿದೆ, ಕೆಲಸ ಬದಲಿಸಲು ಆ ಒಪ್ಪಿಗೆ ಪತ್ರ ಬೇಕಿಲ್ಲ. ನಮ್ಮ ಕಾಲದ ಭಯಗಳಲ್ಲಿ ಎಷ್ಟೋ ಹೋಗಿವೆ, ಒಳ್ಳೆಯದೇ ಆಯಿತು. ಆದರೆ ವೀಸಾ ಹೋದೀತೆಂದು ಹೆದರಿದ್ದ ನನ್ನ ಅಪ್ಪ ಅಮ್ಮ, ಆ ಹೆದರಿಕೆಯ ಜೊತೆಗೇ ಒಬ್ಬರನ್ನು ಮನೆಯೊಳಗೆ ಕರೆದುಕೊಂಡಿದ್ದರು. ನನಗೆ ಅವರಷ್ಟು ಹೆದರಿಕೆ ಇಲ್ಲ. ಇಷ್ಟು ವರ್ಷಗಳಲ್ಲಿ ಹಾಗೆ ಯಾರೂ ನನ್ನ ಬಳಿಗೆ ಓಡಿಬಂದದ್ದೂ ಇಲ್ಲ. ಬಂದಿದ್ದರೂ ನನಗೆ ತಿಳಿಯದೆ ಹೋಯಿತೇನೋ ಎಂಬುದೇ ಈಗಿನ ನನ್ನ ಭಯ.