ನಕ್ಕರೆ ನೋಯುತ್ತಿದ್ದ ಗಣಿತದ ಮೇಡಂ

ಕುರುಗೋಡಿನ ಶಾಲೆಯಲ್ಲಿ ನನ್ನ ಜೊತೆ ಗಣಿತ ಕಲಿಸುತ್ತಿದ್ದ ಮೇಡಂ ನಗುವುದೇ ಕಡಿಮೆ. ನಾವು ತಮಾಷೆ ಶುರುಮಾಡಿದರೆ ಸಾಕು, ಎರಡೂ ಅಂಗೈಯಿಂದ ತಲೆಯ ಹಿಂಭಾಗ ಒತ್ತಿ ಹಿಡಿದು, "ನಗಿಸಬ್ಯಾಡ್ರಿ, ತಲಿ ಸೀಳಿದಂಗ ಆಗತೈತಿ" ಎನ್ನುತ್ತಿದ್ದರು. ಕೆಮ್ಮಿದರೂ ಸೀನಿದರೂ ಅದೇ ನೋವು. ಸ್ವಲ್ಪ ಹೊತ್ತಿಗೆ ಮಾಯ. ಹೀಗೆ ಬಂದು ಹೋಗುವ ನೋವನ್ನು ಮನೆಯಲ್ಲಿ ಯಾರೂ ನಂಬಲಿಲ್ಲ. ಗಂಡ ನಾಟಕವೆಂದರು, ಸಿರುಗುಪ್ಪದ ತವರಿನವರು ದೃಷ್ಟಿಯಾಗಿದೆ ಎಂದು ನಿವಾಳಿಸಿದರು. ಮೇಡಂ ವಾದಿಸಲಿಲ್ಲ, ಪಾಠವನ್ನೂ ತಪ್ಪಿಸಲಿಲ್ಲ.

ಒಂದು ದಿನ ಸೀನಿದ ರಭಸಕ್ಕೆ ಕರಿಹಲಗೆಯ ಮುಂದೆಯೇ ಕುಸಿದುಬಿದ್ದರು. ನಾನೇ ಬಳ್ಳಾರಿಗೆ ಕರೆದುಕೊಂಡು ಹೋದೆ. ಸ್ಕ್ಯಾನ್ ನೋಡಿದ ವೈದ್ಯರು, "ಹುಟ್ಟಿನಿಂದನ ತಲಿಬುರುಡಿ ತಳದಾಗ ಜಾಗ ಇಕ್ಕಟ್ಟೈತಿ. ಮೆದುಳಿನ ಕೆಳತುದಿ ಕುತ್ತಿಗಿಯೊಳಗ ಇಳದೈತಿ. ಆಪರೇಷನ್ ಮಾಡಬೇಕಾಗತೈತಿ" ಎಂದರು.

ಮೇಡಂ ಕಣ್ಣು ಒರೆಸಿಕೊಂಡು, "ಹಂಗಾರ ಇದು ಖರೇನ ಐತಲ್ರೀ ಡಾಕ್ಟ್ರೇ? ನಮ್ಮ ಮನಿಯವರಿಗೂ ಒಂದ್ಸಲ ಹೇಳ್ರಿ" ಎಂದರು. ಅವರ ಮುಖದಲ್ಲಿ ಹೆದರಿಕೆಗಿಂತ ನಿರಾಳವೇ ಹೆಚ್ಚಾಗಿತ್ತು.

ಆಪರೇಷನ್ ಚೆನ್ನಾಗಿ ಆಯಿತು. ಕೆಲವು ತಿಂಗಳ ಮೇಲೆ ಶಾಲೆಗೆ ಮರಳಿದಾಗ ತಲೆಯ ಹಿಂಭಾಗದ ಕೂದಲು ಇನ್ನೂ ಗಿಡ್ಡವಾಗಿತ್ತು. ಹುಡುಗಿಯರು ಕದ್ದು ಕದ್ದು ನೋಡುತ್ತಿದ್ದರು. ಮೇಡಂ ಆ ಹುಡುಗಿಯರಿಗೆ ಬೆನ್ನು ಮಾಡಿ ನಿಂತು, ಕತ್ತು ತುಸು ಬಗ್ಗಿಸಿ, ಉದ್ದನೆಯ ಹೊಲಿಗೆಯ ಗುರುತು ತೋರಿಸಿದರು.

"ಇಲ್ಲೇ ಕೊಯ್ದಾರ. ಹತ್ರ ಬಂದು ನೋಡ್ರಿ. ಕೇಳೋದೆಲ್ಲಾ ಈಗ ಕೇಳಿಬಿಡ್ರಿ, ಆಮ್ಯಾಲೆ ಲೆಕ್ಕ ಮಾಡೂಣು."