ಅಣ್ಣ ಪಕ್ಕದ ಸೀಟಿಗೆ ಬಂದದ್ದು

ನಮ್ಮ ವಂಶದ ಮತಭೇದಗಳೆಲ್ಲ ತಾತನ ಕಾಲಕ್ಕೇ ಮುಗಿದಿದ್ದವು. ದೇವರು ಒಬ್ಬನೋ ಇಬ್ಬರೋ ಎಂದು ಯಾರಾದರೂ ಕೇಳಿದರೆ, ಮದರಾಸಿನಲ್ಲಿ ಹುಟ್ಟಿ ಬೆಳೆದ ನಾವು ಅಣ್ಣತಮ್ಮಂದಿರು "ಕಾಫಿ ಆರಿಹೋಗುತ್ತದೆ, ಮೊದಲು ಕುಡಿಯಿರಿ" ಎನ್ನುವ ಜಾತಿ. ಅಂಥ ಮನೆಯಲ್ಲಿ, ಒಂದು ಹಳೆಯ ಕಾರಿನ ಎಂಜಿನ್ನಿಗೆ ಪೆಟ್ರೋಲನ್ನು ಯಾವ ವಿಧಾನದಿಂದ ಉಣಿಸಬೇಕು ಎಂಬ ಪ್ರಶ್ನೆಗೆ ಎರಡು ಪಂಥಗಳಾದವು. ಹಬ್ಬದೂಟದ ಎಲೆಯ ಮುಂದೆಯೂ ವಾದ ನಿಲ್ಲುತ್ತಿರಲಿಲ್ಲ. ಸಾರು ಬಡಿಸುವವರು ಸೌಟು ಹಿಡಿದು ಕಾಯಬೇಕಾಗುತ್ತಿತ್ತು.

ಅಣ್ಣನದು ಒರಿಜಿನಲ್ ಪಂಥ. ಅದಕ್ಕೆ ಗುರುವೂ ಅವನೇ, ಶಿಷ್ಯನೂ ಅವನೇ. ಉಳಿದ ನಾವೆಲ್ಲ, ಹಳತನ್ನು ಕಿತ್ತು ಹೊರಗಿನ ಹೊಸ ಭಾಗ ಹಾಕಿಸು ಎನ್ನುವ ಆಫ್ಟರ್‌ಮಾರ್ಕೆಟ್ ಪಂಥದವರು.

ಕಾರು ಎಪ್ಪತ್ತರ ದಶಕದ್ದು, ಜರ್ಮನಿಯದು, ನೀರುಮಜ್ಜಿಗೆಯ ಬಣ್ಣ. ಅಂಬತ್ತೂರಿನ ಕಾರ್ಖಾನೆಯೊಂದಕ್ಕೆ ಬಂದಿದ್ದ ವಿದೇಶಿ ಎಂಜಿನಿಯರೊಬ್ಬ ಊರಿಗೆ ಮರಳುವಾಗ ಬಿಟ್ಟುಹೋದದ್ದನ್ನು ಅಣ್ಣ ಕೊಂಡಿದ್ದ. ರೈಲ್ವೆಯಲ್ಲಿದ್ದವನಿಗೆ ಓಡಾಡಲು ಪಾಸಿತ್ತು. ಕಾರು ಬೇಕಾಗಿದ್ದದ್ದು ಓಡಾಟಕ್ಕಲ್ಲ. ಊರಿನ ಕಾರುಗಳೆಲ್ಲ ಕಾರ್ಬ್ಯುರೇಟರಿನಲ್ಲಿ ಓಡುತ್ತಿದ್ದ ಕಾಲದಲ್ಲಿ ಇದಕ್ಕೆ ಫ್ಯುಯೆಲ್ ಇಂಜೆಕ್ಷನ್ ಇತ್ತು. ಸೀಟಿನ ಕೆಳಗೆ ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಯಾವ ಸಿಲಿಂಡರಿಗೆ ಎಷ್ಟು ಪೆಟ್ರೋಲ್ ಚಿಮ್ಮಿಸಬೇಕೆಂದು ಅದು ತೀರ್ಮಾನಿಸುತ್ತಿತ್ತು. ತೀರ್ಮಾನ ತಪ್ಪಿದಾಗ ಅಣ್ಣ ಬಾನೆಟ್ ಎತ್ತಿ, ಕಣ್ಣು ಮುಚ್ಚಿ, ಎಂಜಿನ್ನಿನ ಸದ್ದು ಕೇಳಿ, ಸ್ಕ್ರೂ ಒಂದನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದ. ಮದರಾಸಿನಲ್ಲಿ ಆ ಪೆಟ್ಟಿಗೆಯ ಭಾಷೆ ಬಲ್ಲವನು ಅವನೊಬ್ಬನೇ ಎಂಬುದು ಅವನ ನಂಬಿಕೆ. ಅಲ್ಲವೆನ್ನಲು ಇನ್ನೊಬ್ಬ ಸಿಕ್ಕಿರಲೂ ಇಲ್ಲ.

ಆ ಕಾರಿಗೊಂದು ಮಡಿಯಿತ್ತು. ಕೀ ತಿರುಗಿಸಿ, ಪಂಪಿನ ಗುಂಯ್ ಎನ್ನುವ ಸದ್ದು ನಿಲ್ಲುವವರೆಗೆ ಕಾದು, ಆಮೇಲೆ ಸ್ಟಾರ್ಟ್ ಮಾಡಬೇಕು. ಆಕ್ಸಿಲರೇಟರನ್ನು ಮಾತ್ರ ಮುಟ್ಟಕೂಡದು. ಒಂದೊಂದು ತುಳಿತಕ್ಕೂ ಪೆಟ್ರೋಲ್ ಚಿಮ್ಮಿ ಎಂಜಿನ್ ತೊಯ್ದುಹೋಗುತ್ತದೆ. ಕಾರ್ಬ್ಯುರೇಟರ್ ಕಾರಿನಲ್ಲಿ ಕೈ ಪಳಗಿದವರೋ, ಎರಡು ಸಲ ತುಳಿಯದೆ ಕೀ ತಿರುಗಿಸುವುದೇ ಇಲ್ಲ. ಬ್ಯಾಂಕಿನಲ್ಲಿದ್ದ ನಮ್ಮ ಅತ್ತಿಗೆ ಲೈಸೆನ್ಸ್ ಪಡೆದದ್ದು ಅಂಥ ಕಾರಿನಲ್ಲಿ. ಒಂದು ದೀಪಾವಳಿಯ ಮುಂಚೆ, ಪುರಸೈವಾಕ್ಕಂನಲ್ಲಿ ಸೀರೆ ಕೊಳ್ಳಲು ನಿಲ್ಲಿಸಿದ್ದ ಕಾರನ್ನು ಹೊರಡಿಸಲು ಹೋಗಿ, ಅಭ್ಯಾಸಬಲದಿಂದ ತುಳಿದರು. ಬಟ್ಟೆ ಅಂಗಡಿಗಳ ಆ ಬೀದಿ ಆವತ್ತು ಮೊದಲೇ ತುಂಬಿತ್ತು. ಹಿಂದೆ ಬಸ್ಸು, ಮುಂದೆ ಜನ, ನಡುವೆ ಪೆಟ್ರೋಲ್ ವಾಸನೆ. ಅಣ್ಣ ಬಂದು ಬಾನೆಟ್ ಎತ್ತುವವರೆಗೆ ಇಡೀ ಬೀದಿ ಅತ್ತಿಗೆಗೆ ಚಾಲನಾವಿದ್ಯೆ ಬೋಧಿಸಿತು. ಅಂದಿನಿಂದ ಅವರು ಆ ಕಾರಿನಲ್ಲಿ ಪಕ್ಕದ ಸೀಟಿನವರೇ ಆದರು. ಅಣ್ಣ ಬೇಡವೆಂದೇನೂ ಹೇಳಲಿಲ್ಲ. "ಅದಕ್ಕೆ ನಿನ್ನ ಕಂಡ್ರೆ ಆಗಲ್ಲ ಕಣೆ" ಎಂದ, ಅಷ್ಟೇ.

"ನಂಗೂ ಅದನ್ನ ಕಂಡ್ರೆ ಆಗಲ್ಲ ಬಿಡಿ" ಎಂದಿದ್ದರು ಅತ್ತಿಗೆ.

ಈಚಿನ ವರ್ಷಗಳಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸತೊಡಗಿದ ಮೇಲೆ ಕಾರಿಗೆ ಕಾಯಿಲೆ ಹಿಡಿಯಿತು. ಹಳೆಯ ರಬ್ಬರ್ ಪೈಪುಗಳು ಮೆತ್ತಗಾಗಿ ಬೆವರತೊಡಗಿದವು. ಪಂಪು ಕೆಮ್ಮಿತು. ಒಂದು ದಿನ ಕಾರು ಮನೆಯ ಗೇಟು ದಾಟಲೇ ಇಲ್ಲ. ಅದೇ ತಿಂಗಳುಗಳಲ್ಲಿ ಅಣ್ಣನಿಗೂ ಕೆಮ್ಮು ಶುರುವಾಗಿತ್ತು. ಅದನ್ನು ನಾವು ಚೆನ್ನೈನ ಧೂಳಿನ ಲೆಕ್ಕಕ್ಕೆ ಬರೆದೆವು.

ಅಂಬತ್ತೂರಿನಲ್ಲಿ ಹಳೆಯ ಕಾರುಗಳನ್ನು ಸರಿಮಾಡುವ ಷೆಡ್ಡೊಂದಿದೆ. ಕಾರನ್ನು ಅಲ್ಲಿಗೆ ಕಟ್ಟಿ ಎಳೆಸಿಕೊಂಡು ಹೋದೆವು. ನಾನು ತ್ರಿಪ್ಲಿಕೇನಿನಿಂದ ಬೆಳಗಿನ ಬಸ್ಸು ಹಿಡಿದು ಬಂದದ್ದು ಸಹಾಯಕ್ಕಲ್ಲ, ಒರಿಜಿನಲ್ ಪಂಥದ ಅಂತ್ಯಕ್ರಿಯೆಗೆ ಸಾಕ್ಷಿಯಾಗಲು. ವಿಮಾ ಕಂಪನಿಯಲ್ಲಿ ಜೀವಮಾನವೆಲ್ಲ ಕ್ಲೇಮು ನೋಡಿದವನಿಗೆ ಇಂಥ ಆಸೆಗಳು ಉಳಿದಿರುತ್ತವೆ.

ಷೆಡ್ಡಿನ ಮಾಲೀಕ ಎರಡು ದಾರಿ ಹೇಳಿದ. ಅವನ ಮಾತೆಲ್ಲ ತಮಿಳು. ಅಣ್ಣನಿಗೆ ಅದು ಕನ್ನಡಕ್ಕಿಂತ ಹತ್ತಿರ. ಒಂದನೆಯದು, ಒರಿಜಿನಲ್ ಇಂಜೆಕ್ಷನ್ನನ್ನೇ ಉಳಿಸಿಕೊಳ್ಳುವುದು. ಪೆಟ್ಟಿಗೆಯನ್ನೂ ಸೆನ್ಸರನ್ನೂ ಬಿಚ್ಚಿ ಜರ್ಮನಿಗೆ ಕಳಿಸಬೇಕು, ಅಲ್ಲಿ ರಿಪೇರಿಯಾಗಿ ಬರಬೇಕು. ಎರಡನೆಯದು, ಅದನ್ನೆಲ್ಲ ಕಿತ್ತು ಈಗಿನ ಕಾಲದ ಇಂಜೆಕ್ಷನ್ ಕೂರಿಸುವುದು. ಹೊಸ ಪಂಪು, ಎಥನಾಲಿಗೆ ಜಗ್ಗದ ಪೈಪು, ಅಂಗೈಯಗಲದ ಕಂಪ್ಯೂಟರು. ಲ್ಯಾಪ್‌ಟಾಪ್ ಸಿಕ್ಕಿಸಿದರೆ ತನ್ನ ಕಷ್ಟ ತಾನೇ ಹೇಳಿಕೊಳ್ಳುತ್ತದೆ.

ನಾನು ಗಂಟಲು ಸರಿಮಾಡಿಕೊಂಡೆ. ವಾದಗಳು ಸಿದ್ಧವಾಗಿದ್ದವು.

"ಒರಿಜಿನಲ್ ಎಷ್ಟು ದಿನ ಆಗುತ್ತಪ್ಪಾ?" ಎಂದು ಅಣ್ಣ ಕೇಳಿದ.

"ಪೊಂಗಲ್ ಕಳೀಬೇಕು ಸಾರ್." ಆಗಿನ್ನೂ ಬೇಸಿಗೆ.

"ಇನ್ನೊಂದು?"

"ಮುಂದಿನ ವಾರದ ಕೊನೇಲಿ ಓಡಿಸ್ಕೊಂಡೇ ಹೋಗಿ."

"ಯಾರು ಬೇಕಾದ್ರೂ ಓಡಿಸಬಹುದಾ?"

"ಸಣ್ಣ ಮಗು ಕೀ ತಿರುಗಿಸಿದ್ರೂ ಸ್ಟಾರ್ಟ್ ಆಗತ್ತೆ ಸಾರ್."

"ಹಾಗಾದ್ರೆ ಅದನ್ನೇ ಹಾಕಿ" ಎಂದ ಅಣ್ಣ.

ಇಷ್ಟು ವರ್ಷ ನಾವು ಮುತ್ತಿಗೆ ಹಾಕಿ ಕೂತಿದ್ದ ಕೋಟೆಯ ಬಾಗಿಲು ಒಳಗಿನಿಂದ ತೆರೆಯಿತು. ಗೆದ್ದವನಿಗೆ ಏನು ಮಾಡಬೇಕೆಂದು ತೋಚಲಿಲ್ಲ.

"ಏನಣ್ಣಾ, ಮತಾಂತರವಾ?" ಎಂದೆ.

"ಇಲ್ಲಪ್ಪಾ. ಕಾಯೋಕೆ ಬೇಜಾರು" ಎಂದು ನಕ್ಕ.

ಕಾಯಲು ಅಣ್ಣನಿಗೆ ಬೇಜಾರು. ಇದೇ ಕಾರಿನ ಒಂದು ರಬ್ಬರ್ ಬಳೆ ಜರ್ಮನಿಯಿಂದ ಬರಲೆಂದು ಎರಡು ಮಳೆಗಾಲ ಕಾದವನು ಅವನು. ಬಸ್ಸಿನಲ್ಲಿ ಮರಳುವಾಗ ಇದು ನನ್ನ ತಲೆಯಲ್ಲಿ ಸುಳಿಯಿತು. ವಯಸ್ಸು ಎಂದುಕೊಂಡು ಕಿಟಕಿಯಾಚೆ ನೋಡಿದೆ. ವಿಷಯ ತಿಳಿದ ಅತ್ತಿಗೆ ಮಾತ್ರ ಅಕ್ಕಿ ಆರಿಸುವುದನ್ನು ನಿಲ್ಲಿಸಿ, "ಅವರೇ ಅಂದ್ರಾ? ನೀವ್ಯಾರೂ ಬಲವಂತ ಮಾಡ್ಲಿಲ್ವಾ?" ಎಂದು ಎರಡು ಸಲ ಕೇಳಿದರು. ಇಲ್ಲವೆಂದಾಗ ಖುಷಿಪಡಲಿಲ್ಲ.

ಹೇಳಿದ ದಿನಕ್ಕೆ ಕಾರು ಸಿದ್ಧವಾಗಿತ್ತು. ಅತ್ತಿಗೆಯೂ ಬರಲಿ ಎಂದು ಅಣ್ಣ ಹಟ ಹಿಡಿದಿದ್ದ, ಮೂವರೂ ಹೋದೆವು. ಷೆಡ್ಡಿನ ಮಾಲೀಕ ಲ್ಯಾಪ್‌ಟಾಪಿನಲ್ಲಿ ಗೆರೆಗಳನ್ನು ತೋರಿಸಿದ. ಅಣ್ಣ ಶ್ರಾದ್ಧದ ಮಂತ್ರಕ್ಕೆ ತಲೆಯಾಡಿಸುವವನ ಹಾಗೆ ಎಲ್ಲಕ್ಕೂ ತಲೆಯಾಡಿಸಿದ. ಬಿಚ್ಚಿದ ಹಳೆಯ ಪೆಟ್ಟಿಗೆ ಬೆಂಚಿನ ಮೇಲಿತ್ತು. ಒಮ್ಮೆ ಅಂಗೈಯಿಂದ ಅದರ ಧೂಳು ಒರೆಸಿ, ಅಲ್ಲೇ ಬಿಟ್ಟ. ಆಮೇಲೆ ಕೀ ತೆಗೆದು ಅತ್ತಿಗೆಯ ಕೈಗೆ ಕೊಟ್ಟು, ತಾನು ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತ. ಆ ಸೀಟಿನ ಬೆಲ್ಟು ಎಲ್ಲಿದೆಯೆಂಬುದು ಅವನಿಗೆ ಗೊತ್ತಿರಲಿಲ್ಲ, ಹುಡುಕಿದ.

"ನಾನಾ?" ಎಂದರು ಅತ್ತಿಗೆ.

"ಮತ್ತೆ ಯಾರು? ಹಿಂದೆ ಕೂತಿರೋ ಇವನಾ? ಇವನು ಸೈಕಲ್ಲನ್ನೂ ತಳ್ಳಿಕೊಂಡೇ ಹೋದೋನು."

"ಆಕ್ಸಿಲರೇಟರ್ ಮುಟ್ಟಬೇಡ ಅಂತ ಈಗಲೇ ಹೇಳ್ಬಿಡಿ."

"ನೀನು ಏನು ತುಳಿದ್ರೂ ಅದು ಏನೂ ಅಂದ್ಕೊಳ್ಳಲ್ಲ ಈಗ. ತಿರುಗಿಸು."

ಅತ್ತಿಗೆ ತಿರುಗಿಸಿದರು. ಕಾರು ಅರೆಕ್ಷಣದಲ್ಲಿ, ಯಾವ ಮಡಿಯೂ ಇಲ್ಲದೆ, ಎದ್ದು ನಿಂತಿತು. ಷೆಡ್ಡಿನವರು ನಮ್ಮ ಮುಖ ನೋಡಿದರು, ಚಪ್ಪಾಳೆ ನಿರೀಕ್ಷಿಸಿರಬೇಕು. ಅತ್ತಿಗೆ ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟು, ರಸ್ತೆಯನ್ನೇ ನೋಡುತ್ತ, "ಡಾಕ್ಟ್ರು ಏನಂದ್ರು?" ಎಂದರು.

ಅಣ್ಣ ಡಾಕ್ಟರ ಹತ್ತಿರ ಹೋದದ್ದೇ ನನಗೆ ಗೊತ್ತಿರಲಿಲ್ಲ. ಅವರಿಗೂ ಯಾರೂ ಹೇಳಿರಲಿಲ್ಲವೆಂದು ಆಮೇಲೆ ತಿಳಿಯಿತು. ಕೀ ಕೈಗೆ ಬಂದದ್ದೇ ಅವರಿಗೆ ಸಾಕಾಗಿತ್ತು.

"ಮೊದಲು ಗೇರ್ ಹಾಕು. ಹೇಳ್ತೀನಿ" ಎಂದ ಅಣ್ಣ.

ಷೆಡ್ಡಿನ ಕೆಂಪುಮಣ್ಣು ದಾಟಿ ದೊಡ್ಡ ರಸ್ತೆಗೆ ಬಂದ ಮೇಲೆ ಅವನು ಹೇಳಿದ. ಶ್ವಾಸಕೋಶದಲ್ಲಿದೆ, ಎರಡೂ ಕಡೆ. ಪೊಂಗಲ್ ನೋಡ್ತೀನಿ ಅಂತ ಯಾರಿಗೂ ಮಾತು ಕೊಡಬೇಡಿ ಅಂದ್ರು. ಟ್ಯಾಕ್ಸಿಯವನಿಗಾಗಿ ನೀನು ಬೀದೀಲಿ ನಿಂತು ಕಾಯೋದು ನಂಗಿಷ್ಟ ಇಲ್ಲ. ಇದನ್ನೆಲ್ಲ ಅವನು ಕರೆಂಟ್ ಬಿಲ್ಲಿನ ವಿಷಯ ಹೇಳುವ ದನಿಯಲ್ಲೇ ಹೇಳಿದ. ಹಳೆಯ ಇಂಜೆಕ್ಷನ್ನಿನ ಗದ್ದಲದಲ್ಲಾಗಿದ್ದರೆ ಹಿಂದಿನ ಸೀಟಿಗೆ ಅರ್ಧ ಮಾತೂ ಕೇಳುತ್ತಿರಲಿಲ್ಲ. ಹೊಸದು ನಿಶ್ಶಬ್ದವಾಗಿತ್ತು. ಎಲ್ಲವೂ ಕೇಳಿಸಿತು, ಅತ್ತಿಗೆ ಮೂಗು ಎಳೆದುಕೊಂಡದ್ದೂ, ಇಂಡಿಕೇಟರಿನ ಟಿಕ್ ಟಿಕ್ಕೂ. ಅದನ್ನು ಅವರು ಆರಿಸುವುದನ್ನೇ ಮರೆತಿದ್ದರು.

ನಮ್ಮ ಪಂಥ ಏನಾದರೂ ಹೇಳಬೇಕಾದ ಹೊತ್ತು ಅದು. ಅಣ್ಣನ ಭುಜದ ಮೇಲೆ ಕೈಯಿಟ್ಟೆ. ಮೂಳೆ ಸಿಕ್ಕಿತು.

"ಎಡಗಡೆ ಲಾರಿ" ಎಂದ ಅವನು, ಅತ್ತಿಗೆಗೆ.

"ನೋಡ್ದೆ" ಎಂದರು ಅವರು.

ಪುರಸೈವಾಕ್ಕಂ ಬರುವವರೆಗೂ ಅತ್ತಿಗೆ ಎರಡನೇ ಗೇರಿನಲ್ಲೇ ಓಡಿಸಿದರು. ಅಣ್ಣ ಗೇರಿನತ್ತ ನೋಡದೆ ಬಟ್ಟೆ ಅಂಗಡಿಗಳನ್ನು ನೋಡುತ್ತ ಕೂತಿದ್ದ.