ಏರ್‌ಪೋರ್ಟ್ ದಾರಿಯಲ್ಲಿ ಒಂದು ಹಿಡಿ ಅಕ್ಕಿ

ಕೊಡಿಗೇಹಳ್ಳಿಗೆ ಬಂದ ಹೊಸತರಲ್ಲಿ, ಏರ್‌ಪೋರ್ಟ್ ಎಷ್ಟು ದೂರ ಎಂದು ಮನೆಯ ಮಾಲೀಕರಾದ ಗೌರಮ್ಮನವರನ್ನು ಕೇಳಿದ್ದೆ. "ಯಾವೊತ್ತಿಗೆ ಓಗ್ತೀರ?" ಎಂದು ಅವರು ನನ್ನನ್ನೇ ಕೇಳಿದರು. "ಬೆಳಗಿನ ಜಾವ ಆದ್ರೆ ಅತ್ರ. ಸಾಯಂಕಾಲ ಆದ್ರೆ ದೂರ ಕಣಮ್ಮ." ನಮ್ಮ ಗದಗಿನಲ್ಲಿ ಸ್ಟೇಷನ್ ಇದ್ದಲ್ಲೇ ಇರುತ್ತದೆ. ಇಲ್ಲಿನ ಏರ್‌ಪೋರ್ಟಿಗೆ ಕಾಲಿದೆಯೇನೋ ಅನ್ನಿಸಿತು.

ಈಗ ನಾನೂ ಹಾಗೇ ಮಾತಾಡುತ್ತೇನೆ. ಒಲೆಯ ಮೇಲೆ ಹಾಲಿಟ್ಟವಳ ಹಾಗೆ ಮೊಬೈಲಿನ ನಕ್ಷೆಯನ್ನೇ ನೋಡುತ್ತಿರುತ್ತೇನೆ. ಎಲ್ಲಿಗೂ ಹೋಗಬೇಕಿಲ್ಲದಿದ್ದರೂ ದಾರಿ ಕೆಂಪಗಾದರೆ ಎದೆ ಹೊಡೆದುಕೊಳ್ಳುತ್ತದೆ. ರೊಟ್ಟಿ ತಿಂದವಳು ಮುದ್ದೆ ನುಂಗಲು ಕಲಿತೆ. ಒಂದು ಕಡೆ ಸುಮ್ಮನೆ ಕೂರುವುದು ಮಾತ್ರ ಮರೆತೇಹೋಗಿದೆ.

ಹೋದ ತಿಂಗಳು ಅಕ್ಕ ಮಸ್ಕತ್ತಿಗೆ, ಭಾವ ಇರುವಲ್ಲಿಗೆ ಹೊರಟಳು. ಮರಳುವುದು ಯಾವಾಗಲೋ. ಅಪ್ಪ ಅವ್ವ ಇಲ್ಲ, ಗದಗಿನ ಮನೆಯೂ ಕೈಬಿಟ್ಟುಹೋಗಿದೆ. ಉಡಿ ತುಂಬಿ ಕಳಿಸಬೇಕಾದವಳು ನಾನೊಬ್ಬಳೇ. ನಮ್ಮ ಉಡಿಗೆ ಇಲ್ಲಿಯವರು ಮಡಿಲಕ್ಕಿ ಎನ್ನುತ್ತಾರೆ. ನನ್ನ ಮನೆಯನ್ನು ಒಮ್ಮೆಯೂ ನೋಡದ ಅಕ್ಕ ಅಲ್ಲಿ ಮಣೆಯ ಮೇಲೆ ಕೂತೇ ಉಡಿ ತುಂಬಿಸಿಕೊಳ್ಳಬೇಕು ಎಂಬುದು ನನ್ನ ಹಟ. "ಎಬ್ಬಾಳದ ಟ್ರಾಫಿಕ್ ನಂಬಬೇಡಿ, ಮಡಿಲಕ್ಕಿ ತಟ್ಟೆ ಜೊತೇಲೇ ಇಟ್ಕೊಳ್ಳಿ" ಎಂದರು ಗೌರಮ್ಮ. ಒಲ್ಲದ ಮನಸ್ಸಿನಿಂದಲೇ ಕಾರಿನಲ್ಲಿಟ್ಟುಕೊಂಡೆ.

ಯಶವಂತಪುರದಲ್ಲಿ ರೈಲಿಳಿದ ಅಕ್ಕನನ್ನು ಕಾರಿಗೆ ಹತ್ತಿಸಿಕೊಂಡಾಗ ಸಂಜೆಯಾಗುತ್ತಿತ್ತು. ಜಾಲಹಳ್ಳಿ, ಯಲಹಂಕದ ಮೇಲೆ ಬಳಸಿ ಹೋದರೆ ಬೇಗ ಎಂದಿತು ನಕ್ಷೆ. ಆ ದಾರಿಯಲ್ಲಿ ನನ್ನ ಮನೆ ಸಿಗುವುದಿಲ್ಲ. ಹೆಬ್ಬಾಳದ ಕಡೆಗೇ ತಿರುಗಿಸಿದೆ.

ಹೆಬ್ಬಾಳದಲ್ಲಿ ಕಾರು ನಿಂತುಬಿಟ್ಟಿತು. ಅಕ್ಕ ಪಾಸ್‌ಪೋರ್ಟನ್ನು ಎದೆಗೊತ್ತಿಕೊಂಡು ಕೂತಿದ್ದಳು.

"ಹಾದಿ ಇಷ್ಟ್ ಉದ್ದ ಐತೇನವಾ?"

"ಉದ್ದ ಇಲ್ಲಕ್ಕಾ, ಹೊತ್ತು ಸರಿ ಇಲ್ಲ."

ಕೊನೆಗೂ ಕೊಡಿಗೇಹಳ್ಳಿಯ ತಿರುವು ಬಂತು. ಎಡಕ್ಕೆ ಹೊರಳಿದರೆ ಮನೆ, ಆದರೆ ವಿಮಾನ ತಪ್ಪುವುದು ಖಂಡಿತ. ಆದರೂ ಇಂಡಿಕೇಟರ್ ಹಾಕಿದೆ.

"ಬ್ಯಾಡವಾ," ಅಂದಳು ಅಕ್ಕ. "ವಿಮಾನ ನಮ್ಮ ಸಲುವಾಗಿ ನಿಲ್ಲಂಗಿಲ್ಲ."

ಇಂಡಿಕೇಟರ್ ಆರಿಸಿ ನೇರ ಹೋದೆ. ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು.

ಏರ್‌ಪೋರ್ಟಿನಲ್ಲಿ ಜನರನ್ನು ಇಳಿಸುವ ಜಾಗದಲ್ಲಿ ಗಾಡಿಯನ್ನು ಹೆಚ್ಚು ಹೊತ್ತು ನಿಲ್ಲಿಸುವ ಹಾಗಿಲ್ಲ. ಅಕ್ಕ ಸೀಟಿನಲ್ಲಿ ಕೂತಲ್ಲೇ ಸೆರಗು ಒಡ್ಡಿದಳು. ಅಕ್ಕಿ, ಅಡಿಕೆ, ಕುಪ್ಪಸದ ಬಟ್ಟೆ ಹಾಕಿದೆ. ಒಣಕೊಬ್ಬರಿಯನ್ನು ವಿಮಾನದಲ್ಲಿ ಬಿಡುವುದಿಲ್ಲವೆಂದು ಭಾವ ಹೇಳಿದ್ದರಿಂದ ಬಾಳೆಹಣ್ಣು ಇಟ್ಟೆ.

"ಮೇಡಂ, ಗಾಡಿ ತೆಗೀರಿ, ಹಿಂದೆ ಲೈನ್ ನಿಂತಿದೆ," ಎಂದು ಸೆಕ್ಯುರಿಟಿಯವನು ಕಿಟಕಿಗೆ ಬಗ್ಗಿದ. ತಟ್ಟೆ ಕಂಡು, "ಬೇಗ ಮುಗ್ಸಿ" ಎಂದು ಆ ಕಡೆ ತಿರುಗಿ ನಿಂತ.

ತವರಿನಿಂದ ಹೊರಡುವ ಹೆಣ್ಣು, ಆ ಮನೆ ತುಂಬಿರಲಿ ಎಂದು ಉಡಿಯಿಂದ ಒಂದು ಹಿಡಿ ಅಕ್ಕಿ ಮರಳಿಸುವುದು ನಮ್ಮಲ್ಲಿ ರೂಢಿ. ಅಕ್ಕ ಹಿಡಿ ತುಂಬ ಅಕ್ಕಿ ತೆಗೆದಳು. ನನಗೆ ಸೆರಗಿರಲಿಲ್ಲ, ವೇಲ್ ಒಡ್ಡಿದೆ.

"ಒಯ್ದು ನಿನ್ನ ಅಕ್ಕಿ ಡಬ್ಬಿಯೊಳಗ ಹಾಕು. ಇನ್ಮ್ಯಾಲೆ ನನ್ನ ತವರಮನಿ ಅಂದ್ರ ಅದ ನೋಡವಾ."

ನೋಡದ ಮನೆಯನ್ನು ತವರು ಮಾಡಿಕೊಂಡು ಅಕ್ಕ ಒಳಗೆ ನಡೆದಳು.

ಬರುವಾಗ ರಸ್ತೆ ಖಾಲಿಯಿತ್ತು. ಮನೆಗೆ ಬಂದು ವೇಲಿನ ಗಂಟು ಬಿಚ್ಚಿ ಅಕ್ಕಿಯನ್ನು ಡಬ್ಬಿಗೆ ಸುರಿದೆ. ಅಕ್ಕನಿಗೇನೋ ತವರಾಯಿತು. ನನ್ನ ತವರು ಯಾವುದು ಎಂದು ಅವಳನ್ನು ಕೇಳುವಷ್ಟು ಹೊತ್ತು ಏರ್‌ಪೋರ್ಟಿನಲ್ಲಿ ಸಿಗಲಿಲ್ಲ.